ಅನಾಥ ಅಂತ ಬರೆದೋರು ಯಾರು?

ನಮಸ್ಕಾರ. ನಮ್ಮಜ್ಜಿ ಊರಲ್ಲಿ ಒಬ್ರು ಯಜಮಾನ್ರಿದ್ರು, ಸ್ವಂತ ದೊಡ್ಡಪ್ಪನ ಮನೆಗೆ ದತ್ತು ಹೋದೋರು. ಯುಗಾದಿ ಬಂತಂದ್ರೆ ಎರಡು ಮನೇಲೂ ಹೋಳಿಗೆ. ಸಾಕಿದವಳನ್ನ ಅಮ್ಮ ಅನ್ನೋರು, ಹೆತ್ತವಳನ್ನ ಚಿಕ್ಕಮ್ಮ ಅನ್ನೋರು. ಯಾರ ಹೊಟ್ಟೇಲಿ ಹುಟ್ಟಿದ್ರು ಅನ್ನೋದು ಮನೆಗೆ ಹಾಲು ಹಾಕೋನಿಗೂ ಗೊತ್ತು. ಯಾರೂ ಮುಚ್ಚಿಡ್ತಿರಲಿಲ್ಲ, ಮುಚ್ಚಿಡೋಕೆ ಆಗ್ತಾನೂ ಇರಲಿಲ್ಲ.

ದೇಶದ ಗಡಿ ದಾಟೋ ದತ್ತು ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ಮಗುಗೆ ಯಾರೂ ಇಲ್ಲದಿದ್ರೇನೇ ಕೆಲಸ ಸಲೀಸು. ಅಮೆರಿಕದ ವಲಸೆ ಕಾನೂನಲ್ಲಿ ಅನಾಥ ಅನ್ನೋದಕ್ಕೆ ಒಂದು ವ್ಯಾಖ್ಯಾನ ಇದೆ. ಆ ವ್ಯಾಖ್ಯಾನಕ್ಕೆ ಹೊಂದೋ ಮಗುಗೆ ಮಾತ್ರ ದತ್ತು ವೀಸಾ ಅನ್ನೋದು ಬಹಳ ವರ್ಷ ನಡೀತು. ಈಗ ಯೋಚನೆ ಮಾಡಿ: ಅತ್ಲಾಗೆ ಮಗು ಬೇಕು ಅಂತ ದುಡ್ಡು ಹಿಡ್ಕೊಂಡು ಕಾಯ್ತಿರೋರು, ಇತ್ಲಾಗೆ ಬಡ ತಾಯಂದಿರು, ನಡುವೆ ಒಂದು ಅರ್ಜಿ. ಅರ್ಜಿ ಅನಾಥರನ್ನ ಕೇಳಿದ್ರೆ, ಅನಾಥರನ್ನ ತಯಾರು ಮಾಡೋರು ಹುಟ್ಕೊಳ್ತಾರೆ.

ದಕ್ಷಿಣ ಕೊರಿಯಾದಲ್ಲಿ ಆಗಿದ್ದು ಇದೇ. ಯುದ್ಧ ನಿಂತಿದ್ದು 1953ರಲ್ಲಿ. ಮಕ್ಕಳು ಅತಿ ಹೆಚ್ಚು ಹೊರಗೆ ಹೋಗಿದ್ದು ಮಾತ್ರ ಆವಾಗ ಅಲ್ಲ, ದೇಶ ದುಡ್ಡು ಕಾಸು ನೋಡ್ತಿದ್ದ 1980ರ ದಶಕದಲ್ಲಿ. ವರ್ಷಕ್ಕೆ ಸರಾಸರಿ ಆರು ಸಾವಿರಕ್ಕೂ ಹೆಚ್ಚು ಮಕ್ಕಳು. ಆ ದೇಶದಲ್ಲಿ ಪ್ರತಿ ಮನೆಗೂ ಒಂದು ಕುಟುಂಬ ದಾಖಲೆ ಇರ್ತಿತ್ತು, ನಮ್ಮ ನಾಡಕಚೇರೀಲಿ ಸಿಗೋ ವಂಶವೃಕ್ಷದ ಥರ ಅಂದ್ಕೊಳ್ಳಿ. ದತ್ತು ಏಜೆನ್ಸಿಗಳು ಅಪ್ಪ ಅಮ್ಮ ಬದುಕಿದ್ದ ಮಕ್ಕಳಿಗೂ ಬೇರೆ ದಾಖಲೆ ಮಾಡಿಸಿದ್ವು. ಆ ವಂಶವೃಕ್ಷದಲ್ಲಿ ಮಗು ಒಂದೇ. ಮೇಲೆ ಬೇರೂ ಇಲ್ಲ, ಪಕ್ಕದಲ್ಲಿ ಕೊಂಬೆನೂ ಇಲ್ಲ. ಬೀದೀಲಿ ಸಿಕ್ತು ಅಂತ ಒಂದು ಸಾಲು, ಮುಗೀತು.

ಇದಕ್ಕಿಂತ ಕೆಟ್ಟದ್ದೂ ನಡೆದಿದೆ. ಕಳಿಸಬೇಕಿದ್ದ ಮಗು ತೀರಿಹೋದ್ರೆ, ಇಲ್ಲಾ ಮನೆಯವರು ಬಂದು ವಾಪಸ್ ಕರ್ಕೊಂಡು ಹೋದ್ರೆ, ಅದೇ ಫೈಲಲ್ಲಿ ಇನ್ನೊಂದು ಮಗು ವಿಮಾನ ಹತ್ತಿದ್ದುಂಟು. ಮೂವತ್ತು ನಲವತ್ತು ವರ್ಷ ಆದಮೇಲೆ ತಾಯಿ ಸಿಕ್ಕಳು ಅಂತ ಓಡಿ ಬಂದು ಅಪ್ಪಿಕೊಂಡೋರು, ಡಿಎನ್‌ಎ ಪರೀಕ್ಷೆ ಮಾಡಿಸಿದ್ರೆ, ಅವಳು ಬೇರೆ ಯಾರದೋ ತಾಯಿ! ನಮ್ಮ ಕರ್ಣನಿಗೆ ಗುರುತು ಅಂತ ಕವಚ ಕುಂಡಲವಾದ್ರೂ ಇತ್ತು ಸ್ವಾಮಿ. ಇವರಿಗಿದ್ದಿದ್ದು ಒಂದು ಫೈಲು, ಅದೂ ಪಕ್ಕದ ತೊಟ್ಟಿಲಿಂದು.

2025ರ ಮಾರ್ಚಲ್ಲಿ ಕೊರಿಯಾದ ಸತ್ಯಶೋಧನಾ ಆಯೋಗ ಇದಕ್ಕೆ ಸರ್ಕಾರಾನೇ ಹೊಣೆ ಅಂತು. ಅಕ್ಟೋಬರಲ್ಲಿ ಅಧ್ಯಕ್ಷ ಲೀ ಜೇ ಮ್ಯುಂಗ್ ಕ್ಷಮೆ ಕೇಳಿದ್ರು. ಅಷ್ಟೊತ್ತಿಗೆ ಎಷ್ಟೋ ಜನ ಹೆತ್ತವರು ಸತ್ತಾಗಿತ್ತು.

ಓ, ಅದು ಕೊರಿಯಾ ಕಥೆ ಅಂತೀರಾ? ನಮ್ಮಲ್ಲೂ ಒಂದು ಕಾಲದಲ್ಲಿ ವಿದೇಶಿಯರು 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ ಇಟ್ಕೊಂಡು ಪಾಲಕರು ಅಂತ ಆದೇಶ ತಗೊಂಡು, ಮಗುನ ಕರ್ಕೊಂಡು ಹೋಗಿ, ಅವರ ದೇಶದಲ್ಲಿ ದತ್ತು ಮಾಡ್ಕೊಳ್ಳೋರು. ಲಕ್ಷ್ಮೀಕಾಂತ ಪಾಂಡೆ ಅನ್ನೋ ವಕೀಲರು ಇದರಲ್ಲಿ ನಡೀತಿದ್ದ ಅನ್ಯಾಯದ ಬಗ್ಗೆ ಸುಪ್ರೀಂ ಕೋರ್ಟಿಗೆ ಪತ್ರ ಬರೆದ್ರು. ಪತ್ರವನ್ನೇ ಅರ್ಜಿ ಅಂತ ತಗೊಂಡು 1984ರಲ್ಲಿ ನ್ಯಾಯಮೂರ್ತಿ ಭಗವತಿ ಅವರು ನಿಯಮ ಹಾಕಿಕೊಟ್ರು. ಆಮೇಲೆ 1990ರಲ್ಲಿ ಕಾರಾ ಬಂತು, ಅಂದ್ರೆ ದತ್ತು ವಿಷಯ ನೋಡ್ಕೊಳ್ಳೋ ಕೇಂದ್ರ ಸರ್ಕಾರದ ಸಂಸ್ಥೆ. ಆದ್ರೂ ಪಕ್ಕದ ಆಂಧ್ರದಲ್ಲಿ, ಲಂಬಾಣಿ ತಾಂಡಾಗಳಲ್ಲಿ ಹೆಣ್ಣು ಕೂಸುಗಳನ್ನ ಪುಡಿಗಾಸಿಗೆ ಕೊಂಡು ದತ್ತು ಕೇಂದ್ರಗಳಿಗೆ ಸಾಗಿಸಿದ ಹಗರಣ ಹೊರಗೆ ಬಿದ್ದಿದ್ದು ಅದಾದ ಸುಮಾರು ಹತ್ತು ವರ್ಷಕ್ಕೆ. ಆ ತಾಯಂದಿರನ್ನ ಕಲ್ಲೆದೆಯವರು ಅಂದೋರಿದ್ರು. ತಾಂಡಾದಲ್ಲಿ ನಾಲ್ಕನೇ ಹೆಣ್ಣು ಹೆತ್ತು ಮಲಗಿದ್ದವಳ ಹತ್ರ ಒಬ್ಬ ದಲ್ಲಾಳಿ ಬಂದು ಕೂತಾಗ ಅವಳ ಮಾತಿಗೆ ಮನೇಲಿ ಎಷ್ಟು ಬೆಲೆ ಇತ್ತು ಅಂತ ಅವರು ಕೇಳಲಿಲ್ಲ.

ಹಾಗಾದ್ರೆ ಎಲ್ಲಾ ನಿಲ್ಲಿಸಿಬಿಡೋಣ್ವಾ? ಇಥಿಯೋಪಿಯಾ 2018ರಲ್ಲಿ ನಿಲ್ಲಿಸ್ತು. ಚೀನಾ 2024ರಲ್ಲಿ, ಹತ್ತಿರದ ಸಂಬಂಧಿಕರಿಗೆ ಬಿಟ್ಟು ಉಳಿದೋರಿಗೆ ಬಾಗಿಲು ಹಾಕ್ತು. ನಾನು ಆ ಕಡೆ ಇಲ್ಲ. ಯಾಕಂದ್ರೆ ನಮ್ಮೋರು ದತ್ತಿಗೆ ಹೆಸರು ಹಾಕುವಾಗ ಕೇಳೋದು ಪುಟ್ಟ ಕೂಸು, ಆರೋಗ್ಯವಾಗಿರಬೇಕು. ಬಣ್ಣದ ಮಾತೂ ಬಂದೇ ಬರುತ್ತೆ, ಬಿಡಿ. ಎಂಟು ವರ್ಷದ ಹುಡುಗ, ಕಿವಿ ಕೇಳಿಸದ ಹುಡುಗಿ, ಒಟ್ಟಿಗಿರಬೇಕಾದ ಅಣ್ಣ ತಂಗಿ, ಇವರನ್ನ ಇಲ್ಲಿಯವರು ಒಪ್ಪಲಿಲ್ಲ ಅಂದಮೇಲೇ ಹೊರದೇಶದವರ ಸರದಿ. ನಾವು ಬೇಡ ಅಂದ ಮಗುನ ಇಟಲಿಯವರು ಎತ್ಕೊಂಡ್ರೆ 'ನಮ್ಮ ಮಕ್ಕಳನ್ನ ಒಯ್ದುಬಿಟ್ರು' ಅಂತ ಕೂಗೋದಕ್ಕೆ ನಮಗೆ ಬಾಯಿಲ್ಲ.

ನನ್ನ ಮಾತು ಇಷ್ಟೇ. ಬಾಗಿಲು ಇರಲಿ, ಆದ್ರೆ ಫೈಲ್ ಖಾಲಿ ಇರೋ ಮಗು ಆ ಬಾಗಿಲು ದಾಟಬಾರದು. ನಮ್ಮ ನಿಯಮದ ಪ್ರಕಾರ, ಸಿಕ್ಕ ಮಗುವಿನ ಹೆತ್ತವರನ್ನ ಮಕ್ಕಳ ಕಲ್ಯಾಣ ಸಮಿತಿ ಹುಡುಕಿಸಬೇಕು. ಮಗು ಒಪ್ಪಿಸಿದ ತಾಯಿಗೆ ಮನಸ್ಸು ಬದಲಾಯಿಸೋಕೆ ಅರವತ್ತು ದಿನ ಇದೆ. ಕಾರಾದ ಎನ್‌ಒಸಿ ಬೇಕು. 2022ರ ಸೆಪ್ಟೆಂಬರಿಂದ ಆದೇಶ ಕೊಡೋದು ಕೋರ್ಟಲ್ಲ, ಡಿಸಿ. ಇಷ್ಟು ಕಡೆ ಸಹಿ ಬೀಳುತ್ತೆ. ಆ ಹುಡುಕಾಟ ನಿಜಕ್ಕೂ ನಡೀತಾ, ಇಲ್ಲಾ ಪೇಪರಲ್ಲೊಂದು ಜಾಹೀರಾತು ಹಾಕಿ ಕೈ ತೊಳ್ಕೊಂಡ್ರಾ? ಇದನ್ನ ದತ್ತು ತಗೊಳ್ಳೋರೇ ಕೇಳಬೇಕು. ಅಮೆರಿಕದಲ್ಲೋ ದುಬೈಯಲ್ಲೋ ಕೂತು ಇದನ್ನ ಕೇಳ್ತಿರೋ ಕನ್ನಡದ ದಂಪತಿಗಳೇ, ನಿಮಗೂ ಇದೇ ಮಾತು. ಫೋಟೋ ನೋಡಿ ಕಣ್ಣು ತುಂಬಿಕೊಳ್ಳೋಕೆ ಮುಂಚೆ ಫೈಲ್ ಓದಿ. ಮತ್ತೆ, ನಿಮ್ಮನ್ನ 'ಪುಣ್ಯ ಕಟ್ಕೊಂಡ್ರಿ' ಅನ್ನೋ ನೆಂಟರನ್ನ ಮಗು ಮುಂದೆ ಬಾಯಿ ಮುಚ್ಚಿಸಿ. ಸಾಯೋವರೆಗೂ ಯಾರ ಪುಣ್ಯವಾಗಿಯೋ ಬದುಕೋದು ಯಾವ ಮಗುಗೂ ಬೇಡ.

ನನಗೆ ಗೊತ್ತಿರೋ ಒಂದು ಜೋಡಿ ಇದೆ, ಹೊರದೇಶದಲ್ಲಿರೋರು, ಇಲ್ಲಿಂದ ಮಗಳನ್ನ ಕರ್ಕೊಂಡು ಹೋದ್ರು. ಮಗುವಿನ ವರದೀಲಿ ತೂಕ, ಎತ್ತರ, ಲಸಿಕೆ ಎಲ್ಲ ಟೈಪ್ ಆಗಿದೆ. ಕೊನೇಲಿ ಯಾರೋ ಪೆನ್ನಲ್ಲಿ ಒಂದು ಸಾಲು ಸೇರಿಸಿದಾರೆ: 'ರಾತ್ರಿ ಕಿವಿ ಹಿಡಿದುಕೊಂಡು ಮಲಗುತ್ತಾಳೆ, ಬಿಡಿಸಬೇಡಿ.' ಪ್ರತಿ ವರ್ಷ ಹುಟ್ಟಿದಹಬ್ಬಕ್ಕೆ ಅದನ್ನ ಓದಿ ಹೇಳ್ತಾರೆ. ಹೋದ ಸಲ ಮಗಳು ಕೇಳಿದಳಂತೆ, ಇದು ಯಾರ ಅಕ್ಷರ, ಯಾರ ಕಿವಿ? ಅವರಿಗೆ ಗೊತ್ತಿಲ್ಲ. ಬರೋ ಡಿಸೆಂಬರ್ ರಜೆಗೆ ಬರ್ತಾರಂತೆ, ಆ ಸಾಲು ಬರೆದ ಆಯಾನ ಹುಡುಕೋಕೆ.