ಹತ್ತಿಕೊಳ್ಳದ ಅನಿಲ

ಮಾನ್ಯ ಅಧ್ಯಕ್ಷರೇ, ಮಿತ್ರರೇ,

ಈ ಸಭಾಂಗಣದ ಬಾಗಿಲಿಗೆ ನಿನ್ನೆಯೇ ಕಟ್ಟಿರುವ ಬಣ್ಣದ ಬಲೂನುಗಳಲ್ಲಿ ತುಂಬಿರುವುದು ಹೀಲಿಯಂ ಎಂದು ಒಳಗೆ ಬರುವಾಗ ತಿಳಿಯಿತು. ಸಂಘಟಕರ ಪ್ರೀತಿಗೆ ನಾನು ಋಣಿ. ಆದರೆ ನನ್ನ ಇಂದಿನ ತಕರಾರೆಲ್ಲ ಆ ಬಲೂನುಗಳ ಮೇಲೆಯೇ ಇದೆ. ಕಬ್ಬಿಣ ಗುಜರಿಯಿಂದ ಮರಳಿ ಕುಲುಮೆಗೆ ಬರುತ್ತದೆ, ನೀರು ಮಳೆಯಾಗಿ ಬರುತ್ತದೆ. ಗಾಳಿಗೆ ಬಿಟ್ಟ ಹೀಲಿಯಂ ಮಾತ್ರ ಹತ್ತು ಲಕ್ಷಕ್ಕೆ ಐದು ಪಾಲಿನಷ್ಟು ತೆಳುವಾಗಿ ಬೆರೆತು, ಕಾಲಕ್ರಮದಲ್ಲಿ ಭೂಮಿಯ ಗುರುತ್ವದಿಂದಲೇ ತಪ್ಪಿಸಿಕೊಂಡು ಹೋಗುತ್ತದೆ.

1868ರ ಸೂರ್ಯಗ್ರಹಣದಲ್ಲಿ ಗುಂಟೂರಿನಲ್ಲಿ ಸೂರ್ಯನ ಬೆಳಕನ್ನು ಪರೀಕ್ಷಿಸಿದ್ದು, ಆ ಬೆಳಕಿನ ವರ್ಣಪಟಲದ ಹಳದಿ ಗೆರೆಯಿಂದ ಹೀಲಿಯಂನ ಸುಳಿವು ಸಿಕ್ಕಿದ್ದು ಇವೆಲ್ಲ ನಿಮಗೆ ಗೊತ್ತಿರುವ ಸಂಗತಿಗಳು. ನನಗೆ ಪ್ರಿಯವಾದ ಕಥೆ ಅಮೆರಿಕದ ಕಾನ್ಸಾಸ್ ರಾಜ್ಯದ ಡೆಕ್ಸ್ಟರ್ ಎಂಬ ಸಣ್ಣ ಊರಿನದು. 1903ರಲ್ಲಿ ಅಲ್ಲಿ ಕೊರೆದ ಬಾವಿಯಿಂದ ಅನಿಲ ಭೋರ್ಗರೆದು ಬಂದಾಗ, ಊರಿಗೆ ಭಾಗ್ಯ ಬಂತೆಂದು ಹಿಗ್ಗಿದ ಜನ ಉತ್ಸವವನ್ನೇ ಏರ್ಪಡಿಸಿ, ಕೊನೆಗೆ ಉರಿಯುವ ಹುಲ್ಲಿನ ಹೊರೆಯೊಂದನ್ನು ಬಾವಿಯ ಬಾಯಿಗೆ ತಳ್ಳಿದರು. ಜ್ವಾಲೆ ಮುಗಿಲಿಗೇರಲಿಲ್ಲ, ಹುಲ್ಲೇ ಆರಿಹೋಯಿತು. ನೆಂಟರೆಲ್ಲ ಬಂದು ಕುಳಿತ ಮೇಲೆ ಒಲೆ ಹತ್ತದ ಮನೆಯ ಯಜಮಾನನ ಮುಖವನ್ನು ನೀವೇ ಊಹಿಸಿಕೊಳ್ಳಿ. ಅನಿಲದ ಮಾದರಿ ವಿಶ್ವವಿದ್ಯಾಲಯಕ್ಕೆ ಹೋಯಿತು, ಅದರಲ್ಲಿ ಶೇ. 72ರಷ್ಟು ಸಾರಜನಕವೇ ಇತ್ತು. 1905ರಲ್ಲಿ ಕೇಡಿ ಮತ್ತು ಮೆಕ್‌ಫಾರ್ಲೆಂಡ್ ಎಂಬ ರಸಾಯನಶಾಸ್ತ್ರಜ್ಞರು, ದ್ರವಗಾಳಿಯಲ್ಲಿ ತಣಿಸಿದ ತೆಂಗಿನ ಕರಟದ ಇದ್ದಲಿಗೆ ಉಳಿದ ಅನಿಲಗಳನ್ನೆಲ್ಲ ಹೀರಿಸಿ, ಮಿಕ್ಕ ಶೇ. 1.84 ಪಾಲು ಹೀಲಿಯಂ ಎಂದು ಕಂಡುಕೊಂಡರು. ಆ ಕರಟದ ಬಗ್ಗೆ ನಮ್ಮ ತಿಪಟೂರಿನವರು ಹೆಮ್ಮೆಪಡಲು ಆಧಾರವಿಲ್ಲ, ಆಸೆಪಡಲು ಅಡ್ಡಿಯೂ ಇಲ್ಲ.

ಯುರೇನಿಯಂ, ಥೋರಿಯಂಗಳು ನೆಲದಾಳದಲ್ಲಿ ಕೋಟ್ಯಂತರ ವರ್ಷ ಕ್ಷಯಿಸಿ ಕೂಡಿಟ್ಟ ಈ ಅನಿಲದ ನಿಜವಾದ ಬೆಲೆ ಅದರ ಚಳಿಯಲ್ಲಿದೆ. ಹೈಡ್ರೋಜನ್ −259 ಡಿಗ್ರಿ ಸೆಲ್ಸಿಯಸ್‌ಗೇ ಹೆಪ್ಪುಗಟ್ಟುತ್ತದೆ. ಹೀಲಿಯಂ −269 ಡಿಗ್ರಿಗೆ ದ್ರವವಾಗಿ, ಸಾಮಾನ್ಯ ಒತ್ತಡದಲ್ಲಿ ದ್ರವವಾಗಿಯೇ ಉಳಿಯುತ್ತದೆ. ನೆದರ್ಲೆಂಡ್ಸಿನ ಲೈಡನ್ನಿನಲ್ಲಿ ಭೌತವಿಜ್ಞಾನಿ ಕಾಮರ್ಲಿಂಗ್ ಓನೆಸ್ 1908ರಲ್ಲಿ ಅದನ್ನು ದ್ರವೀಕರಿಸಿದ್ದರಿಂದಲೇ, 1911ರಲ್ಲಿ ಪಾದರಸದ ವಿದ್ಯುತ್‌ರೋಧ ಮಾಯವಾಗುವುದನ್ನು ಕಾಣಲು ಸಾಧ್ಯವಾಯಿತು. ಎಂಆರ್‌ಐ ಯಂತ್ರಗಳ ಅತಿವಾಹಕ, ಅಂದರೆ ಹೀಗೆ ತಣಿದು ವಿದ್ಯುತ್‌ರೋಧ ಕಳೆದುಕೊಂಡ, ಅಯಸ್ಕಾಂತಗಳು ಬಹುಪಾಲು ಇದೇ ದ್ರವದಲ್ಲಿ ಮುಳುಗಿವೆ; ಯುರೋಪಿನ ಕಣಭೌತ ಪ್ರಯೋಗಾಲಯವಾದ ಸರ್ನ್‌ನ ಕಣವೇಗವರ್ಧಕಕ್ಕೆ ಸುಮಾರು 120 ಟನ್ ಬೇಕು. ಬಲೂನಿಗೆ ಹೋಗುವುದು ಎಷ್ಟು ಮಹಾ ಎಂದು ಕೇಳುವವರಿದ್ದಾರೆ. ಅದರ ಪಾಲು ಸಣ್ಣದೆಂಬುದು ನಿಜ, ಆದರೆ ಯಂತ್ರದಲ್ಲಿ ಆವಿಯಾದುದನ್ನು ಹಿಡಿದು ಮತ್ತೆ ದ್ರವವಾಗಿಸಬಹುದು, ಬಲೂನಿನದನ್ನು ಹಿಡಿಯುವವರು ಯಾರು?

ಅಧ್ಯಕ್ಷರ ಚೀಟಿ ಬಂದಿದೆ, ಹಾಗಾಗಿ ಕೈಗಾರಿಕೆಯ ಭಾಗವನ್ನು ಓಡಿಸುತ್ತೇನೆ. ರಾಕೆಟ್ಟಿನ ತೊಟ್ಟಿಯಿಂದ ಇಂಧನವನ್ನು ಒತ್ತಿ ಹೊರದೂಡಲು, ಎಳೆಯುವಾಗ ಗಾಜಿನ ತಂತುವನ್ನು ತಣಿಸಲು, ಚಿಪ್ ತಯಾರಿಸಲು, ಆಳದ ಮುಳುಗುಗಾರರಿಗೆ ಸಾರಜನಕದ ಮಂಪರು ಕವಿಯದಂತೆ ಉಸಿರಾಟದ ಗಾಳಿಗೆ ಬೆರೆಸಲು ಹೀಲಿಯಂ ಬೇಕು. ಸೋರಿಕೆಯ ಪತ್ತೆಗಂತೂ ಅದೇ ಆಗಬೇಕು: ಬೇರಾವುದೂ ನುಸುಳದ ಕಿಂಡಿಯಲ್ಲಿ ಅದರ ಪರಮಾಣು ನುಸುಳುತ್ತದೆ. ಬಾಗಿಲಿನ ಬಲೂನುಗಳು ಆಗಲೇ ಸೊರಗಿ ಜೋತುಬಿದ್ದಿರುವುದಕ್ಕೂ ಕಾರಣ ಅದೇ.