ಗುಡ್ಡದ ಮೇಲೆ ಓಡಿಸಿ ತೋರಿಸಿ, ಆಮೇಲೆ ಮಾರಿ

ನಮಸ್ಕಾರ ಬಂಧುಗಳೇ. ಹೋದ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದರು: "ಕೃಷಿ ಮೇಳಕ್ಕೆ ಹೋಗಿ ಬಂದು ಬೈಯೋದೇ ನಿಮ್ಮ ಕೆಲಸ. ಮಲೆನಾಡಿನವರಿಗೆ ಏನು ತೋರಿಸಿದರೂ ಸಮಾಧಾನ ಇಲ್ಲ." ಎರಡು ದಿನದಿಂದ ಆ ಮಾತು ತಲೆಯಲ್ಲೇ ಕೂತಿದೆ. ಇವತ್ತು ಅದೊಂದೇ ವಿಷಯ.

ಮೇಳ ಬೇಡ ಅನ್ನುವವನಲ್ಲ ನಾನು. ಶಿವಮೊಗ್ಗದ ನವುಲೆಯ ಕೃಷಿ ಕಾಲೇಜಿನಲ್ಲಿ ಮೇಳ ಅಂದರೆ ಮೊದಲ ಬಸ್ಸಿಗೇ ಹೊರಡುತ್ತೇನೆ. ಎಲೆಚುಕ್ಕೆ ರೋಗ ಬಂದ ಅಡಿಕೆ ಸೋಗೆಯನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ ವಿಜ್ಞಾನಿಗಳ ಮುಂದೆ ಇಡುತ್ತೇನೆ. ಅವರು ಕೂರಿಸಿಕೊಂಡು ತಾಳ್ಮೆಯಿಂದ ಹೇಳುತ್ತಾರೆ. ಅದಕ್ಕೆ ಕೈ ಮುಗಿಯಬೇಕು. ನನ್ನ ತಕರಾರು ಯಂತ್ರದ ಮಳಿಗೆಗಳದ್ದು. ಎಲ್ಲವನ್ನೂ ಸಪಾಟು ಮೈದಾನದಲ್ಲಿ ಓಡಿಸಿ ತೋರಿಸುತ್ತಾರೆ. ನಮ್ಮ ತೋಟ ಸಪಾಟಾಗಿದೆಯಾ ಮಾರಾಯ್ರೇ?

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಬಂದು ನೋಡಿ. ಎರಡು ಗುಡ್ಡದ ನಡುವೆ ತೋಟ. ನಾಲ್ಕು ಹೆಜ್ಜೆಗೊಂದು ಬಸಿಗಾಲುವೆ. ದಾಟೋಕೆ ಒಂದು ಸಂಕ, ಅದರ ಮೇಲೆ ಪಾಚಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಜಾಸ್ತಿ ಮಳೆ. ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲುಭಾಗವೂ ಬೀಳಲ್ಲ. ಪೇಟೆಯ ಒಣ ನೆಲದಲ್ಲಿ ಓಡಿದ ಚಕ್ರ ನಮ್ಮ ಜಾರು ಮಣ್ಣಿನಲ್ಲಿ ಓಡುತ್ತೆ ಅಂತ ಯಾರು ಹೇಳಿದ್ದು?

ನಾನೇ ಒಂದು ಮೇಳದಲ್ಲಿ ಅಡಿಕೆ ಕೊನೆ, ಅಂದರೆ ಗೊನೆ, ಸಾಗಿಸುವ ಮೋಟಾರು ಗಾಡಿ ಕೊಂಡೆ. ಕಂಪನಿ ಹೆಸರು ಬೇಡ. ಮೈದಾನದಲ್ಲಿ ನೀರು ಕುಡಿದಷ್ಟು ಸುಲಭವಾಗಿ ಓಡಿತ್ತು. ನಮ್ಮ ತೋಟದಲ್ಲಿ ಮೊದಲ ಇಳಿಜಾರಿಗೇ ಕಾಲುವೆಗೆ ಮಗುಚಿ ಬಿತ್ತು. ಕೊನೆಯೆಲ್ಲ ಕೆಸರು. ಫೋನ್ ಮಾಡಿದರೆ "ನಿಮ್ಮ ಜಾಗ ಸರಿ ಇಲ್ಲ ಸಾರ್" ಅಂದರು. ನನ್ನ ಅಜ್ಜ ಮಾಡಿದ ತೋಟ ಅದು! ಜಾಗ ಸರಿ ಇಲ್ವಂತೆ!

ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗದ ವಿಷಯಕ್ಕೆ ಬನ್ನಿ. ಅದಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಮಾಡಿದ ದಿನವೇ ಹೊಡೆದು ಮುಗಿಸಬೇಕು. ಮಳೆಗಾಲ ಶುರುವಾಗುವ ಮೊದಲು ಒಂದು ಸಲ, 40-45 ದಿನ ಬಿಟ್ಟು ಇನ್ನೊಂದು ಸಲ. ಆ ಎರಡನೇ ಸಲ ಮಳೆ ಹೊಳವಾಗೋದೇ, ಅಂದರೆ ಬಿಡುವು ಕೊಡೋದೇ ಕಷ್ಟ. ಸಿಕ್ಕ ಒಂದು ಹೊಳವಿನಲ್ಲಿ ಪಂಪು ದ್ರಾವಣವನ್ನು ಏರಿಗೆ ಹತ್ತಿಸದೆ ಕೈಕೊಟ್ಟರೆ ಆ ವರ್ಷದ ಫಸಲೇ ನೆಲಕ್ಕೆ. ನೆಲದಲ್ಲೇ ನಿಂತು ಕೊನೆ ಕೊಯ್ಯುವ ಉದ್ದ ಕೋಲು, ದೋಟಿಯ ಕಥೆಯೂ ಅದೇ. ಮೈದಾನದಲ್ಲಿ ನಿಂತು ದೋಟಿ ಎತ್ತುವುದು ಬೇರೆ. ಓರೆ ನೆಲದಲ್ಲಿ ಕಾಲೂರಿ 50 ಅಡಿ ಮರದ ಕೊನೆಗೆ ಗುರಿ ಹಿಡಿಯುವುದು ಬೇರೆ. ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡರು ಸಿಗದ ಈ ಕಾಲದಲ್ಲಿ ನಮಗೆ ಯಂತ್ರ ಬೇಕೇ ಬೇಕು. ಅದಕ್ಕೇ ಹೇಳುತ್ತಿರುವುದು, ಇಳಿಜಾರಿನಲ್ಲಿ ಓಡಿಸಿ ತೋರಿಸಿ!

ಅಂದ ಹಾಗೆ, ನಾವು ಸಾಲು ಸಾಲಾಗಿ ಕಳೆ ಕೊಚ್ಚುವ ಯಂತ್ರಗಳನ್ನು ನಮ್ಮ ಬ್ಯಾಣದಲ್ಲೇ, ಅಂದರೆ ಹುಲ್ಲುಗಾವಲಿನಲ್ಲೇ ಓಡಿಸಿದ ವಿಡಿಯೋ ಚಾನೆಲ್ಲಿನಲ್ಲಿದೆ. ನೋಡಿ, ನೆಂಟರಿಗೂ ಕಳಿಸಿ. ಸಬ್‌ಸ್ಕ್ರೈಬ್ ಆಗದವರು ಈಗಲೇ ಆಗಿ.

"ಮೇಳದಲ್ಲಿ ಗುಡ್ಡ ಎಲ್ಲಿಂದ ತರೋದು" ಅಂತ ಕೇಳುತ್ತಾರೆ. ಒಂದು ಜೆಸಿಬಿ ಅರ್ಧ ದಿನ ಮಣ್ಣು ಹಾಕಿದರೆ ಏರು ಆಯ್ತು, ಒಂದು ಟ್ಯಾಂಕರ್ ನೀರು ಬಿಟ್ಟರೆ ಜಾರು ಆಯ್ತು. ಅದೂ ಬೇಡವಾ? ನವುಲೆಯ ಕಾಲೇಜು ಸೇರಿರುವ ಕೃಷಿ ವಿಶ್ವವಿದ್ಯಾಲಯದ ಮುಖ್ಯ ಆವರಣವೇ ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿದೆ. ಇಳಿಜಾರು ಹುಡುಕಿಕೊಂಡು ಎಷ್ಟು ದೂರ ಹೋಗಬೇಕು ಸ್ವಾಮಿ? ಇನ್ನೊಬ್ಬರು "ಕರಪತ್ರದಲ್ಲಿ ಎಲ್ಲ ಬರೆದಿರುತ್ತೆ, ಓದಿ" ಅನ್ನುತ್ತಾರೆ. ಕರಪತ್ರ ಕಾಲುವೆಗೆ ಬಿದ್ದ ಗಾಡಿ ಎತ್ತುತ್ತಾ? ನನಗೆ ಕರಪತ್ರ ಬೇಡ. ಗುಡ್ಡ ಹತ್ತಿಸಿ ತೋರಿಸಿ, ಅಷ್ಟೇ. ಹತ್ತಿದರೆ ಅಲ್ಲೇ ದುಡ್ಡು ಎಣಿಸುತ್ತೇನೆ. ಹತ್ತದಿದ್ದರೆ ಮಲೆನಾಡಿಗೆ ತರಬೇಡಿ!

ಒಂದು ಕೆಲಸ ಮಾಡಿ. ನಿಮ್ಮ ನಿಮ್ಮ ತೋಟದ ಇಳಿಜಾರಿನ ಫೋಟೋ ಕಳಿಸಿ. ದೊಡ್ಡದಾಗಿ ಪ್ರಿಂಟ್ ಹಾಕಿಸಿ ಮುಂದಿನ ಮೇಳದಲ್ಲಿ ಮಳಿಗೆ ಮಳಿಗೆಗೂ ಹಿಡಿದು ಹೋಗುತ್ತೇನೆ. "ಇಲ್ಲಿ ಓಡುತ್ತಾ?" ಅಂತ ಕೇಳುತ್ತೇನೆ. ನೀವೂ ಕೇಳಿ. ಮೋಡ ಕಟ್ಟಿದೆ, ಅಂಗಳದಲ್ಲಿ ಅಡಿಕೆ ಹರಡಿದೆ, ಒಳಗೆ ಹಾಕಬೇಕು. ಬರುತ್ತೇನೆ.