ಏನ್ ಸಮಾಚಾರ? ರಾಕ್ ಗಾಯಕಿಯೊಬ್ಬರು ಅಪ್ಪ ಅಮ್ಮನ ಕಾಲದ ಹಾಡು ಹಾಡಿದ ಕಥೆ

[ದೃಶ್ಯ: ಕಪ್ಪು ಪರದೆ. ಎರಡು ಸೆಕೆಂಡ್ ಮೌನ. ನಂತರ ಕ್ಯಾಮೆರಾ ಎದುರು ಮಾತು.]

ಒಂದು ಕಾಲದಲ್ಲಿ ನೀವು ತುಂಬಾ ಪ್ರೀತಿಸಿದವರು ಇವತ್ತು ಬಸ್ ಸ್ಟಾಪಿನಲ್ಲಿ ಎದುರಾದರು ಅಂದುಕೊಳ್ಳಿ. ಮಾತು ಬಿಟ್ಟು ಎಷ್ಟೋ ವರ್ಷ ಆಗಿದೆ. ಬಾಯಿಗೆ ಮೊದಲು ಏನು ಬರುತ್ತದೆ? "ಏನ್ ಸಮಾಚಾರ? ಎಲ್ಲಾ ಆರಾಮಾ?" ಅಷ್ಟೇ ಅಲ್ವಾ? ಮನಸ್ಸಿನಲ್ಲಿ ಬೇರೆ ಏನೇನೋ ಓಡುತ್ತಿರುತ್ತದೆ. ನಾಲಿಗೆ ಮಾತ್ರ ಕುಶಲ ಕೇಳುತ್ತಿರುತ್ತದೆ.

ಇದೇ ಸಂದರ್ಭದ ಮೇಲೆ ಅಮೆರಿಕದಲ್ಲಿ ಒಂದು ಹಾಡಿದೆ. ಹೆಸರು 'ವಾಟ್ಸ್ ನ್ಯೂ'. ನಮ್ಮ ಮಾತಿನಲ್ಲಿ ಹೇಳಬೇಕೆಂದರೆ 'ಏನ್ ಸಮಾಚಾರ?' 1938ರಲ್ಲಿ ಬಾಬ್ ಹ್ಯಾಗರ್ಟ್ ಎಂಬ ಬಾಸ್ ವಾದಕ ಇದರ ಧಾಟಿ ಕಟ್ಟಿದರು. ಆಗ ಅದು ಟ್ರಂಪೆಟ್‌ನಲ್ಲಿ ನುಡಿಸಲು ಬರೆದ ಬರೀ ಸಂಗೀತ, ಮಾತಿರಲಿಲ್ಲ. ಮುಂದಿನ ವರ್ಷ ಜಾನಿ ಬರ್ಕ್ ಅದಕ್ಕೆ ಮಾತು ಬರೆದರು. ಹಾಡಿನ ತುಂಬಾ ಒಬ್ಬರೇ ಮಾತಾಡುತ್ತಾರೆ. ಹೇಗಿದ್ದೀಯಾ, ನೀನು ಸ್ವಲ್ಪವೂ ಬದಲಾಗಿಲ್ಲ, ಬೇಜಾರು ಮಾಡುತ್ತಿದ್ದೇನೆ ಅನಿಸುತ್ತದೆ, ಕ್ಷಮಿಸು. ಕಡೆಗೆ, ಎದುರಿಗಿದ್ದವರಿಗೆ ಗೊತ್ತೇ ಇರದ ಒಂದು ಮಾತು: ನಾನೂ ಬದಲಾಗಿಲ್ಲ, ನನ್ನ ಪ್ರೀತಿ ಹಾಗೇ ಇದೆ.

ಇವತ್ತಿನ ವಿಡಿಯೋ ಈ ಹಾಡಿನ ಹೆಸರನ್ನೇ ಹೊತ್ತು 1983ರಲ್ಲಿ ಬಂದ ಒಂದು ಆಲ್ಬಮ್ ಬಗ್ಗೆ. ಹಾಡಿದವರು ಲಿಂಡಾ ರಾನ್‌ಸ್ಟಾಟ್.

[ದೃಶ್ಯ: ಆಲ್ಬಮ್ ಮುಖಪುಟ. ಹೊಳೆಯುವ ಸ್ಯಾಟಿನ್ ಬಟ್ಟೆಯ ಮೇಲೆ ಹಳೆ ಕಾಲದ ಗೌನ್ ತೊಟ್ಟು ಮಲಗಿದ ಲಿಂಡಾ. ನಿಧಾನವಾಗಿ ಝೂಮ್.]

ಈ ಮುಖಪುಟವನ್ನು ಒಂದು ನಿಮಿಷ ನೋಡಿ. ಬಟ್ಟೆ, ಬೆಳಕು, ಭಂಗಿ ಎಲ್ಲಾ 1940ರ ದಶಕದ್ದು. ಆದರೆ ತಲೆಯ ಮೇಲೇನಿದೆ? ವಾಕ್‌ಮನ್ ಹೆಡ್‌ಫೋನ್! ಆ ಕಾಲಕ್ಕೆ ಅದು ಹೊಸ ವಸ್ತು. ಇಡೀ ಆಲ್ಬಮ್ ಏನು ಅಂತ ಆ ಒಂದು ಫೋಟೋ ಹೇಳುತ್ತದೆ.

ಲಿಂಡಾ ಯಾರು ಅಂತ ಗೊತ್ತಿಲ್ಲದವರಿಗೆ ಬೇಗ ಹೇಳಿಬಿಡುತ್ತೇನೆ. 1946ರಲ್ಲಿ ಅರಿಝೋನಾದ ಟೂಸಾನ್‌ನಲ್ಲಿ ಹುಟ್ಟಿದವರು. ಅಪ್ಪನ ಕಡೆ ಮೆಕ್ಸಿಕೋ ಮತ್ತು ಜರ್ಮನಿಯ ಬೇರು. ಅಪ್ಪನಿಗೆ ಹಾರ್ಡ್‌ವೇರ್ ಅಂಗಡಿ, ಜೊತೆಗೆ ಮೆಕ್ಸಿಕನ್ ಹಾಡು ಹಾಡುವ ಹುಚ್ಚು. ಲಿಂಡಾ ಹದಿನೆಂಟರ ಹೊತ್ತಿಗೆ ಲಾಸ್ ಏಂಜಲೀಸ್‌ಗೆ ಬಂದರು. 1970ರ ದಶಕದಲ್ಲಿ ಅಮೆರಿಕದ ರಾಕ್ ಲೋಕದಲ್ಲಿ ಅವರಷ್ಟು ದೊಡ್ಡ ಗಾಯಕಿ ಇನ್ನೊಬ್ಬರಿರಲಿಲ್ಲ ಅಂದರೆ ತಪ್ಪಾಗದು. 1977ರ ಅವರ ಆಲ್ಬಮ್ ಐದು ವಾರ ನಂಬರ್ ಒನ್ ಸ್ಥಾನದಲ್ಲಿತ್ತು. 1971ರಲ್ಲಿ ಅವರ ಹಿಂದೆ ನಿಂತು ನುಡಿಸುತ್ತಿದ್ದ ಹುಡುಗರೇ ಮುಂದೆ ಈಗಲ್ಸ್ ಬ್ಯಾಂಡ್ ಕಟ್ಟಿದರು.

ಇಲ್ಲಿ ಒಂದು ಮಾತು ಗಮನಿಸಿ. ಲಿಂಡಾ ಹಾಡು ಬರೆಯುವವರಲ್ಲ. ಅವರ ದೊಡ್ಡ ಹಿಟ್‌ಗಳಲ್ಲಿ ಹೆಚ್ಚಿನವು ಬೇರೆಯವರು ಆಗಲೇ ಹಾಡಿದ್ದ ಹಾಡುಗಳೇ. ಅಂದರೆ ಕವರ್. ರಾಯ್ ಆರ್ಬಿಸನ್ ಹಾಡಿದ್ದನ್ನು ಹಾಡಿದರು, ಬಡ್ಡಿ ಹಾಲಿ ಹಾಡಿದ್ದನ್ನು ಹಾಡಿದರು. ಆಗೆಲ್ಲ ಅವರು ಮಾಡುತ್ತಿದ್ದದ್ದು ಹಾಡನ್ನು ತಮ್ಮ ಮನೆಗೆ ಕರೆದುಕೊಂಡು ಬರುವ ಕೆಲಸ. ತಮ್ಮ ಗಿಟಾರ್, ತಮ್ಮ ಡ್ರಮ್ಸ್, ತಮ್ಮ ಗಂಟಲು. 1983ರಲ್ಲಿ ಮಾಡಿದ್ದು ಇದರ ಉಲ್ಟಾ. ಈ ಸಲ ಅವರೇ ಹಾಡಿನ ಮನೆಗೆ ಹೋದರು. ಚಪ್ಪಲಿ ಹೊರಗೆ ಬಿಟ್ಟು, ಆ ಮನೆಯ ರೀತಿ ಕಲಿತು, ಒಳಗೆ ಹೋಗಿ ಕೂತರು. ನನಗೆ ಈ ಆಲ್ಬಮ್ ಮೇಲೆ ಇಷ್ಟು ಪ್ರೀತಿ ಬರಲು ಅದೇ ಕಾರಣ.

[ದೃಶ್ಯ: ನ್ಯೂಯಾರ್ಕ್ ಬ್ರಾಡ್‌ವೇ, ಹಳೆ ಫೋಟೋಗಳು.]

ಹಾಡುಗಳ ಬಗ್ಗೆ ಸ್ವಲ್ಪ. 1920ರಿಂದ 40ರ ದಶಕದವರೆಗೆ ನ್ಯೂಯಾರ್ಕ್‌ನ ರಂಗಮಂದಿರಗಳ ಬೀದಿ ಬ್ರಾಡ್‌ವೇಯ ನಾಟಕಗಳಿಗೆ, ಹಾಲಿವುಡ್ ಸಿನಿಮಾಗಳಿಗೆ, ಡ್ಯಾನ್ಸ್ ಬ್ಯಾಂಡ್‌ಗಳಿಗೆ ಅಂತ ಬರೆದ ಹಾಡುಗಳಲ್ಲಿ ಕೆಲವು ಆ ನಾಟಕ ಸಿನಿಮಾಗಳನ್ನೇ ಮೀರಿ ಬದುಕಿದವು. ಅವನ್ನು ಅಲ್ಲಿ ಸ್ಟ್ಯಾಂಡರ್ಡ್ಸ್ ಅನ್ನುತ್ತಾರೆ. ಲಿಂಡಾ ಆರಿಸಿಕೊಂಡ ಒಂಬತ್ತು ಹಾಡುಗಳಲ್ಲಿ ಅರ್ವಿಂಗ್ ಬರ್ಲಿನ್ 1923ರಲ್ಲಿ ಬರೆದದ್ದಿದೆ, ಗರ್ಶ್ವಿನ್ ಸಹೋದರರು 1926ರಲ್ಲಿ ಒಂದು ನಾಟಕಕ್ಕೆ ಬರೆದದ್ದಿದೆ, ಜಾಝ್ ಗಾಯಕಿ ಬಿಲ್ಲಿ ಹಾಲಿಡೇ ದನಿಯಲ್ಲಿ ಹೆಸರಾದದ್ದಿದೆ.

ಹೀಗೆ ಯಾರದೋ ಹಾಡನ್ನು ಯಾರಾದರೂ ಹಾಡಬಹುದಾ ಅಂತ ಕಾಮೆಂಟ್‌ನಲ್ಲಿ ತುಂಬಾ ಜನ ಕೇಳುತ್ತೀರಿ. ಅಮೆರಿಕದಲ್ಲಿ 1909ರ ಕಾನೂನೇ ಇದಕ್ಕೆ ದಾರಿ ಮಾಡಿಕೊಟ್ಟಿತು. ಒಂದು ಹಾಡು ಒಮ್ಮೆ ರೆಕಾರ್ಡ್ ಆಗಿ ಹೊರಬಂದ ಮೇಲೆ, ನಿಗದಿಯಾದ ರಾಯಲ್ಟಿ ಕೊಟ್ಟರೆ ಬೇರೆಯವರೂ ಅದನ್ನು ರೆಕಾರ್ಡ್ ಮಾಡಬಹುದು. ಆಗ ಪ್ರತಿಗೆ 2 ಸೆಂಟ್ ಇತ್ತು. ವಾದ್ಯಗಳ ಜೋಡಣೆಯನ್ನು ನಿಮ್ಮ ಶೈಲಿಗೆ ಹೊಂದಿಸಿಕೊಳ್ಳಬಹುದು, ಮೂಲ ಧಾಟಿಯನ್ನು ಕೆಡಿಸುವಂತಿಲ್ಲ. ನಮ್ಮ ದೇಶದಲ್ಲಿ ನಿಯಮ ಬೇರೆ. 2012ರ ತಿದ್ದುಪಡಿ ಪ್ರಕಾರ, ಈ ತರಹದ ಲೈಸೆನ್ಸ್ ಮೇಲೆ ಕವರ್ ಮಾಡಬೇಕಾದರೆ ಹಾಡು ಮೊದಲು ರೆಕಾರ್ಡ್ ಆದ ವರ್ಷ ಮುಗಿದು ಇನ್ನೂ ಐದು ವರ್ಷ ಕಳೆದಿರಬೇಕು. ಮನೆಯಲ್ಲಿ ಕವರ್ ಸಾಂಗ್ ಮಾಡುವವರು ಇದನ್ನು ನೆನಪಿಟ್ಟುಕೊಳ್ಳಿ.

ಸರಿ, ಕಥೆಗೆ ಬರೋಣ. 1980ರಲ್ಲಿ ಲಿಂಡಾ ನ್ಯೂಯಾರ್ಕ್‌ಗೆ ಹೋಗಿ ಸಂಗೀತ ನಾಟಕವೊಂದರಲ್ಲಿ ಹಾಡಿದರು. ಮೊದಲು ಸೆಂಟ್ರಲ್ ಪಾರ್ಕಿನ ಬಯಲಲ್ಲಿ, ಆಮೇಲೆ ಬ್ರಾಡ್‌ವೇಯಲ್ಲಿ. ಮುಂದಿನ ವರ್ಷ ಜೆರ್ರಿ ವೆಕ್ಸ್‌ಲರ್ ಎಂಬ ದೊಡ್ಡ ನಿರ್ಮಾಪಕರ ಜೊತೆ ಹಳೆ ಹಾಡುಗಳ ಒಂದು ಆಲ್ಬಮ್ ರೆಕಾರ್ಡ್ ಮಾಡಿದರು. ಅದು ಲಿಂಡಾಗೆ ಸರಿ ಕಾಣಲಿಲ್ಲ. ಬಿಡುಗಡೆ ಮಾಡದೆ ಬಿಟ್ಟರು. ಅಷ್ಟು ದುಡಿದ ಮೇಲೆ ಬೇಡ ಅನ್ನುವುದಕ್ಕೆ ಗಟ್ಟಿ ಮನಸ್ಸು ಬೇಕು.

ರೆಕಾರ್ಡ್ ಕಂಪನಿಗೆ ಇದೆಲ್ಲ ಇಷ್ಟವಿರಲಿಲ್ಲ. ಅಧ್ಯಕ್ಷ ಜೋ ಸ್ಮಿತ್ ಬೇಡ ಅಂತಲೇ ಹೇಳುತ್ತಿದ್ದರು. ಅವರ ಭಯ ಅರ್ಥವಾಗುತ್ತದೆ. ಎಂಟಿವಿ ಬಂದ ಕಾಲ, ಮೈಕಲ್ ಜಾಕ್ಸನ್ ಕಾಲ. ರಾಕ್ ಕೇಳುವ ಹುಡುಗರಿಗೆ ಇದು ಅಪ್ಪ ಅಮ್ಮ ಕೇಳುವ ಸಂಗೀತ. ಲಿಂಡಾ ಮಾತ್ರ ಪಟ್ಟು ಬಿಡಲಿಲ್ಲ. ಅವರಿಗೆ ಒಬ್ಬ ವ್ಯಕ್ತಿ ಬೇಕಾಗಿತ್ತು.

[ದೃಶ್ಯ: ಸಂಗೀತದ ಕಾಗದದ ಮೇಲೆ ಪೆನ್ಸಿಲ್ ಓಡುತ್ತಿದೆ.]

ಆ ವ್ಯಕ್ತಿ ನೆಲ್ಸನ್ ರಿಡಲ್. 1921ರಲ್ಲಿ ನ್ಯೂಜರ್ಸಿಯಲ್ಲಿ ಹುಟ್ಟಿದ ಟ್ರಾಂಬೋನ್ ವಾದಕ, ಆಮೇಲೆ ಅರೇಂಜರ್. 1953ರಿಂದ ಹೆಸರಾಂತ ಗಾಯಕ ಫ್ರಾಂಕ್ ಸಿನಾತ್ರಾ ಜೊತೆ ಅವರು ಮಾಡಿದ ಕೆಲಸ ಕೇಳದವರು ಅಮೆರಿಕದಲ್ಲಿ ಕಡಿಮೆ. ನ್ಯಾಟ್ ಕಿಂಗ್ ಕೋಲ್‌ಗೂ ಬರೆದಿದ್ದರು. ಆದರೆ ರಾಕ್ ಬಂದ ಮೇಲೆ ಇಂಥ ಆರ್ಕೆಸ್ಟ್ರಾಗಳನ್ನು ಕೇಳುವವರು ಕಡಿಮೆಯಾದರು. ಲಿಂಡಾ ಕರೆದಾಗ ರಿಡಲ್‌ಗೆ ಅರವತ್ತು ದಾಟಿತ್ತು. ಒಂದೆರಡು ಹಾಡಿಗೆ ವಾದ್ಯ ಜೋಡಿಸಿ ಕೊಡುತ್ತೀರಾ ಅಂತ ಲಿಂಡಾ ಕೇಳಿದರು. ಬಿಡಿ ಹಾಡು ಮಾಡುವುದಿಲ್ಲ, ಮಾಡಿದರೆ ಪೂರ್ತಿ ಆಲ್ಬಮ್ ಅಂದರು ರಿಡಲ್. ಹಾಗೆ ಆಯಿತು.

ಅರೇಂಜರ್ ಏನು ಮಾಡುತ್ತಾರೆ? ಹಾಡಿನ ಧಾಟಿ ಒಬ್ಬರದು, ಮಾತು ಇನ್ನೊಬ್ಬರದು. ಉಳಿದದ್ದೆಲ್ಲ ಅರೇಂಜರ್ ಬರೆಯಬೇಕು. ನಲವತ್ತಕ್ಕೂ ಜಾಸ್ತಿ ಜನ ಕೂತಿದ್ದಾರೆ. ಯಾರು ಯಾವಾಗ ಬರಬೇಕು, ಎಷ್ಟು ಮೆಲ್ಲಗೆ, ಗಾಯಕಿ ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಕೊಳಲು ಬರಬೇಕಾ ಅಥವಾ ಏನೂ ಬೇಡವಾ, ಒಂದೊಂದು ಸ್ವರವೂ ಕಾಗದದ ಮೇಲೆ ಇರಬೇಕು. ಇಷ್ಟಕ್ಕೆ ಆ ಉದ್ಯಮದಲ್ಲಿ ಸಾಮಾನ್ಯವಾಗಿ ಒಂದೇ ಸಲದ ಸಂಭಾವನೆ. ಹಾಡು ಬರೆದವರಿಗೆ ಸಿಗುವ ರಾಯಲ್ಟಿ ಇವರಿಗಿಲ್ಲ. ಈ ಆಲ್ಬಮ್‌ನ ಮುಖಪುಟದ ಮೇಲೆ ರಿಡಲ್ ಹೆಸರೂ ಇದೆ. ಅದನ್ನು ನೋಡಿದಾಗಲೆಲ್ಲ ನನಗೆ ಸಮಾಧಾನ ಆಗುತ್ತದೆ.

ಈಗ ನನ್ನ ಮೆಚ್ಚಿನ ಭಾಗ. 1958ರಲ್ಲಿ ಸಿನಾತ್ರಾಗೆ ರಿಡಲ್ ಒಂದು ಆಲ್ಬಮ್ ಮಾಡಿಕೊಟ್ಟಿದ್ದರು. ಹೆಸರು 'ಓನ್ಲಿ ದ ಲೋನ್ಲಿ'. ಪೂರ್ತಿ ಒಂಟಿತನದ ಹಾಡುಗಳು. ಲಿಂಡಾಗೆ ಅದರ ಮೇಲೆ ಪ್ರಾಣ. ಅದರಲ್ಲಿದ್ದ ಮೂರು ಹಾಡು ಲಿಂಡಾ ಆಲ್ಬಮ್‌ನಲ್ಲೂ ಇವೆ. ಅಂದರೆ ಇಪ್ಪತ್ತೈದು ವರ್ಷದ ನಂತರ, ಅದೇ ಮನುಷ್ಯ, ಅದೇ ಹಾಡಿಗೆ, ಮತ್ತೆ ಪೆನ್ಸಿಲ್ ಹಿಡಿದರು.

ಹಳೆ ಕಾಗದವನ್ನೇ ತೆಗೆದು ಶ್ರುತಿ ಏರಿಸಿದರೆ ಸಾಕಲ್ವಾ ಅಂತ ಅನಿಸಬಹುದು. ಸಾಲದು. ಸಿನಾತ್ರಾದು ಗಂಡು ದನಿ, ಕೆಳಗೆ ಕೂರುತ್ತದೆ. ಅದರ ಮೇಲೆ ಪಿಟೀಲುಗಳಿಗೆ ಬೇಕಾದಷ್ಟು ಜಾಗ. ಲಿಂಡಾ ದನಿ ಪಿಟೀಲು ಇರುವ ಜಾಗಕ್ಕೇ ಬಂದು ನಿಲ್ಲುತ್ತದೆ. ಪಿಟೀಲು ದಾರಿ ಬಿಡಬೇಕು. ಮೇಲೆ ಹೋಗಬೇಕು, ಇಲ್ಲಾ ಕೆಳಗಿಳಿಯಬೇಕು, ಇಲ್ಲಾ ಸುಮ್ನೆ ಇರಬೇಕು. ಅದು ಸರಿದರೆ ಕೊಳಲು ಸರಿಯಬೇಕು, ಟ್ರಾಂಬೋನ್ ಸರಿಯಬೇಕು. ಮನೆಯಲ್ಲಿ ಒಂದು ಬೀರು ಜಾಗ ಬದಲಾದರೆ ಮಂಚ, ಟೇಬಲ್ ಎಲ್ಲಾ ಎಳೆಯಬೇಕಾಗುತ್ತದಲ್ಲ, ಹಾಗೆ.

[ದೃಶ್ಯ: ಹೆಡ್‌ಫೋನ್. ಪರದೆಯ ಮೇಲೆ ಧ್ವನಿಯ ಅಲೆ.]

ಮತ್ತೆ 'ಏನ್ ಸಮಾಚಾರ' ಹಾಡಿಗೆ ಬರುತ್ತೇನೆ. ಇದರ ರಚನೆ ತುಂಬಾ ಸರಳ. ಒಂದು ಧಾಟಿ ಎರಡು ಸಲ ಬರುತ್ತದೆ. ಮಧ್ಯದಲ್ಲಿ ಸಾಮಾನ್ಯವಾಗಿ ಬೇರೆ ಧಾಟಿ ಇರುತ್ತದೆ. ಇಲ್ಲಿ ಬರುವುದು ಅದೇ ಧಾಟಿ, ಆದರೆ ಷಡ್ಜ ಮಧ್ಯಮಕ್ಕೆ ಏರಿರುತ್ತದೆ. ಕರ್ನಾಟಕ ಸಂಗೀತ ಕೇಳುವವರಿಗೆ ಮಧ್ಯಮ ಶ್ರುತಿ ಅಂದರೆ ತಕ್ಷಣ ಗೊತ್ತಾಗುತ್ತದೆ. ಅದೇ ಕುಶಲ ಪ್ರಶ್ನೆ, ಆದರೆ ಈಗ ದನಿ ಒಂದು ಹಂತ ಮೇಲಿದೆ. ಪ್ರಶ್ನೆ ಕೇಳುತ್ತಿರುವವರ ತಾಳ್ಮೆ ಮುಗಿಯುತ್ತಿದೆ ಅಂತ ಧಾಟಿಯೇ ಹೇಳುತ್ತಿದೆ. ಆಮೇಲೆ ಮತ್ತೆ ಕೆಳಕ್ಕೆ, ಮತ್ತೆ ಮರ್ಯಾದೆಯ ಮಾತಿಗೆ.

ಇಂಥ ಕಡೆ ಲಿಂಡಾ ಸುಲಭವಾಗಿ ದನಿ ತೆರೆದು ಬಿಡಬಹುದಿತ್ತು. ಎಲೆಕ್ಟ್ರಿಕ್ ಗಿಟಾರ್, ಡ್ರಮ್ಸ್ ಮೇಲೆ ದಾಟಿ ಕೇಳುವಂತೆ ಹಾಡಿ ಬೆಳೆದ ಗಂಟಲು ಅದು. ಬಿಡಲಿಲ್ಲ. ರಾತ್ರಿ ಲೈಟ್ ಆರಿಸಿ ಹೆಡ್‌ಫೋನ್‌ನಲ್ಲಿ ಕೇಳಿ. ಸಾಲು ಮುಗಿಸುವಾಗ ಅವರು ಸ್ವರವನ್ನು ನೇರವಾಗಿ ಹಿಡಿದು, ಕಡೆಯಲ್ಲಿ ಮಾತ್ರ ಸ್ವಲ್ಪ ನಡುಗಲು ಬಿಡುತ್ತಾರೆ. ಅಲಂಕಾರ ಇಲ್ಲ. ಜಾಝ್ ಬಲ್ಲವರಲ್ಲಿ ಕೆಲವರಿಗೆ ಇದೇ ದೂರು. ತಾಳದ ಜೊತೆ ಆಟವಾಡುವುದಿಲ್ಲ, ಧಾಟಿಯನ್ನು ಬಗ್ಗಿಸುವುದಿಲ್ಲ ಅಂತ. ಆ ಮಾತು ಸುಳ್ಳಲ್ಲ. ಬಿಲ್ಲಿ ಹಾಲಿಡೇ ಹಾಡಿದ ಹಾಡುಗಳಲ್ಲಿ ಆ ಕೊರತೆ ನನಗೂ ಕೇಳಿಸುತ್ತದೆ. ಆದರೆ ಈ ಹಾಡಿನಲ್ಲಿ ನೆಟ್ಟಗೆ ನಿಂತು ಮಾತಾಡುವ ಆ ರೀತಿಯೇ ಸರಿ ಅಂತ ನನ್ನ ಅಭಿಪ್ರಾಯ. ಬಸ್ ಸ್ಟಾಪಿನಲ್ಲಿ ಸಿಕ್ಕವರ ಮುಂದೆ ಯಾರೂ ಆಲಾಪನೆ ಮಾಡುವುದಿಲ್ಲ.

ಸೆಪ್ಟೆಂಬರ್ 1983ರಲ್ಲಿ ಆಲ್ಬಮ್ ಬಂತು. ನಿರ್ಮಾಪಕ ಪೀಟರ್ ಆಶರ್. ಅಮೆರಿಕದ ಜನಪ್ರಿಯ ಆಲ್ಬಮ್‌ಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೂರನೇ ಸ್ಥಾನಕ್ಕೆ ಏರಿತು. ಅಮೆರಿಕದಲ್ಲೇ ಮೂವತ್ತು ಲಕ್ಷಕ್ಕೂ ಜಾಸ್ತಿ ಮಾರಾಟವಾಯಿತು. ರಿಡಲ್‌ಗೆ ಈ ಜೋಡಣೆಗೆ ಗ್ರ್ಯಾಮಿ ಸಿಕ್ಕಿತು. ಲಿಂಡಾಗಿಂತ ಮೊದಲೂ ಹೀಗೆ ಹಳೆ ಹಾಡುಗಳ ಆಲ್ಬಮ್ ಮಾಡುವ ಪ್ರಯತ್ನ ಆಗಿತ್ತು. ಹ್ಯಾರಿ ನಿಲ್ಸನ್ 1973ರಲ್ಲಿ, ವಿಲ್ಲಿ ನೆಲ್ಸನ್ 1978ರಲ್ಲಿ ಮಾಡಿದ್ದರು. ಆಮೇಲಂತೂ ರಾಬಿ ವಿಲಿಯಮ್ಸ್, ರಾಡ್ ಸ್ಟೂವರ್ಟ್, ಲೇಡಿ ಗಾಗಾ ತನಕ ಸಾಲೇ ಇದೆ.

1984ರಲ್ಲಿ ಇಬ್ಬರೂ ಸೇರಿ ಎರಡನೇ ಆಲ್ಬಮ್ ತಂದರು. ಮೂರನೆಯದರ ಕೆಲಸ ನಡೆಯುತ್ತಿದ್ದಾಗ, ಅಕ್ಟೋಬರ್ 1985ರಲ್ಲಿ, ರಿಡಲ್ ತೀರಿಕೊಂಡರು. ಅವರು ಬರೆದಿಟ್ಟ ಕಾಗದಗಳು ಇದ್ದವು. ಉಳಿದ ಹಾಡುಗಳಿಗೆ ಟೆರ್ರಿ ವುಡ್‌ಸನ್ ಆರ್ಕೆಸ್ಟ್ರಾ ನಡೆಸಿದರು, ಲಿಂಡಾ ಹಾಡಿ ಮುಗಿಸಿದರು. ಆಮೇಲೆ 1987ರಲ್ಲಿ ಲಿಂಡಾ ಅಪ್ಪನ ಹಾಡುಗಳಿಗೆ ಹೋದರು, ಪೂರ್ತಿ ಸ್ಪ್ಯಾನಿಷ್‌ನಲ್ಲಿ. ಅದಕ್ಕೆ ಬೇರೆಯೇ ವಿಡಿಯೋ ಬೇಕು. 2013ರಲ್ಲಿ ಅವರು ಪಾರ್ಕಿನ್ಸನ್ಸ್‌ನಿಂದಾಗಿ ಇನ್ನು ಹಾಡಲು ಆಗುವುದಿಲ್ಲ ಅಂತ ತಿಳಿಸಿದರು.

[ದೃಶ್ಯ: ಮುಖಪುಟಗಳು ಅಕ್ಕಪಕ್ಕ. 1958. 1983.]

ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಲಿಂಡಾ ಆಲ್ಬಮ್‌ನ ಕೊನೆಯ ಹಾಡು 'ಗುಡ್‌ಬೈ'. ಗಾರ್ಡನ್ ಜೆಂಕಿನ್ಸ್ 1935ರಲ್ಲಿ ಬರೆದದ್ದು. ಸಿನಾತ್ರಾ ಹಾಡಿದ್ದನ್ನು ಮೊದಲು ಹಾಕಿ. ಮುಗಿದ ತಕ್ಷಣ ಲಿಂಡಾ ಹಾಡಿದ್ದನ್ನು ಹಾಕಿ. ಎರಡನೇ ಸಲ ಕೇಳುವಾಗ ಹಾಡುವವರನ್ನು ಬಿಟ್ಟು, ಹಿಂದೆ ಇರುವ ಪಿಟೀಲುಗಳನ್ನು ಮಾತ್ರ ಹಿಡಿದು ಹೋಗಿ. ಎರಡರಲ್ಲೂ ಬರೆದ ಕೈ ಒಂದೇ. ಎಲ್ಲೆಲ್ಲಿ ದಾರಿ ಬಿಟ್ಟಿದೆ ಅಂತ ಕೇಳಿ, ಕೆಳಗೆ ಬರೆಯಿರಿ.